ಲಾಂಚ್ ಕಡವಿನ ಭದ್ರತಾ ಅಧಿಕಾರಿ: ಕೆಲಸವೇನು, ಅರ್ಹತೆಯೇನು

ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚ್ ದಡ ಬಿಟ್ಟ ಮೇಲೆ ಭದ್ರತಾ ಅಧಿಕಾರಿಯ ಕೈಯಲ್ಲಿ ಉಳಿಯುವ ಕೆಲಸ ಕಡಿಮೆ. ಮುಖ್ಯವಾದದ್ದೆಲ್ಲ ಹೊರಡುವ ಮುಂಚೆಯೇ ಕಡವಿನಲ್ಲಿ ಮುಗಿದಿರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗಿನಿಂದ ಶರಾವತಿ ಹಿನ್ನೀರಿನ ಊರುಗಳಿಗೆ ಲಾಂಚೇ ರಸ್ತೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗುವ ಬಸ್ಸು, ಕಾರುಗಳು ಸೇತುವೆ ಹಿಡಿದಿವೆ. ಆದರೆ ಹಿನ್ನೀರಿನ ಯಾವ ಕಡವಿನಲ್ಲೇ ಆಗಲಿ, ಜನ ದೋಣಿ ಹತ್ತುವ ತನಕ ಈ ಕೆಲಸ ಇದ್ದೇ ಇರುತ್ತದೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಗಾಳಿ, ಅಲೆ, ಯಂತ್ರದ ದೋಷದಿಂದ ಕಾಪಾಡುವುದು ಸುರಕ್ಷತೆ. ಮನುಷ್ಯರು ಬೇಕೆಂದೇ ಮಾಡುವ ಕೇಡಿನಿಂದ ಕಾಪಾಡುವುದು ಭದ್ರತೆ. ದೊಡ್ಡ ಹಡಗಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೊಣೆಗಾರರಿರಬಹುದು. ನಮ್ಮ ಕಡವಿನಲ್ಲಿ ಎರಡೂ ಒಬ್ಬರ ಹೆಗಲಿಗೇ ಬೀಳುತ್ತವೆ.

ಬೆಳಗಿನ ಮೊದಲ ಸರದಿಗೆ ಮುಂಚೆ ಖಾಲಿ ಲಾಂಚನ್ನು ಒಂದು ಸುತ್ತು ಹಾಕಿ. ಸೀಟಿನ ಅಡಿ, ಎಂಜಿನ್ ಕೋಣೆಯ ಬಾಗಿಲು, ಹಗ್ಗದ ಪೆಟ್ಟಿಗೆ, ಲೈಫ್ ಜಾಕೆಟ್ ಪೆಟ್ಟಿಗೆ ನೋಡಿ. ರಾತ್ರಿ ಹಾಕಿದ ಬೀಗ ಹಾಗೇ ಇದೆಯೇ, ಡೀಸೆಲ್ ಕದ್ದ ಗುರುತಿದೆಯೇ ಎಂದು ಗಮನಿಸಿ. ಆಮೇಲೆ ಜಾಕೆಟ್‌ಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ. ಬಕಲ್ ಟಕ್ಕೆಂದು ಕೂರಬೇಕು, ಪಟ್ಟಿ ಎಳೆದರೆ ಹೊಲಿಗೆ ಬಿಡಬಾರದು, ಒಳಗಿನ ಫೋಮ್ ಒತ್ತಿ ಬಿಟ್ಟರೆ ಮತ್ತೆ ಉಬ್ಬಬೇಕು. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಅದುಮಿಟ್ಟ ಜಾಕೆಟ್‌ಗೆ ಬೂಷ್ಟು ಹಿಡಿದು ದಾರ ಮೆತ್ತಗಾಗುತ್ತದೆ, ಇಲಿಯೂ ಕಡಿಯುತ್ತದೆ. ಎಣಿಕೆಗೆ ಸರಿಹೋದರೂ ನೀರಿಗೆ ಬಿದ್ದಾಗ ಅಂಥದ್ದು ಉಪಯೋಗಕ್ಕೆ ಬರುವುದಿಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರ ಜಾಕೆಟ್ ಹಾಕಿದರೆ ಜಾಕೆಟ್ ತೇಲಿ ಮೇಲಕ್ಕೆ ಜಾರುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಇಳಿಯುತ್ತದೆ.

ಹತ್ತಿಸುವಾಗ ವಾಹನ ಮೊದಲು, ಜನ ಆಮೇಲೆ. ವಾಹನ ಹತ್ತುವಾಗ ಚಾಲಕನೊಬ್ಬನೇ ಒಳಗಿರಬೇಕು, ಉಳಿದವರು ಇಳಿದು ನಡೆದು ಬರಬೇಕು. ಭಾರದ ಗಾಡಿ ನಡುವೆ ನಿಲ್ಲಲಿ, ಹಗುರದ್ದು ಎರಡೂ ಬದಿಗೆ ಸಮನಾಗಿ ಹಂಚಿರಲಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್, ಗೇರ್, ಚಕ್ರಕ್ಕೆ ಮರದ ತುಂಡು: ನಾಲ್ಕೂ ಆಗಬೇಕು. ದಾಟುವಾಗ ವಾಹನದೊಳಗೆ ಯಾರೂ ಕೂರಬಾರದು, ಮಳೆ ಸುರಿಯುತ್ತಿದ್ದರೂ ಸರಿ. ಲಾಂಚ್ ವಾಲಿದರೆ ಕಾರಿನ ಬಾಗಿಲು ತೆಗೆದು ಹೊರಬರಲು ಸಮಯ ಸಿಗುವುದಿಲ್ಲ.

ತಲೆ ಎಣಿಕೆಗೆ ಟಿಕೆಟ್ ಲೆಕ್ಕವನ್ನು ನೆಚ್ಚಬೇಡಿ. ಕಂಕುಳಲ್ಲಿರುವ ಕೂಸಿಗೆ ಟಿಕೆಟ್ ಇರುವುದಿಲ್ಲ, ಜಾಕೆಟ್ ಮಾತ್ರ ಬೇಕೇ ಬೇಕು. ಹತ್ತುವ ಜಾಗ ಒಂದೇ ಇರಲಿ, ಒಬ್ಬರು ಕೌಂಟರ್ ಒತ್ತುತ್ತ ಎಣಿಸಲಿ, ಹತ್ತಿ ಮುಗಿದ ಮೇಲೆ ಇನ್ನೊಬ್ಬರು ಒಳಗೆ ಎಣಿಸಲಿ. ಎರಡೂ ತಾಳೆಯಾಗದಿದ್ದರೆ ಹೊರಡಬಾರದು. ಅಡಿಕೆ ಮೂಟೆ ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟೇ ತೂಗುತ್ತದೆ. ಮೂಟೆ ಹತ್ತಿದಷ್ಟೂ ಜನರ ಲೆಕ್ಕ ಇಳಿಯಲಿ. ಮಿತಿ ತುಂಬಿದ ಮೇಲೆ 'ನಾವೂ ಇದೇ ಊರೋರು ಮಾರಾಯ್ರೆ, ಇಬ್ರೇ ಅಲ್ವ' ಎನ್ನುವವರು ಬಂದೇ ಬರುತ್ತಾರೆ. ಸಿಟ್ಟಾಗದೆ, 'ಮುಂದಿನ ಸರದಿಗೆ ನೀವೇ ಮೊದಲು' ಎಂದು ಹೇಳಿ ಸರಪಳಿ ಹಾಕಿಬಿಡಿ. ಇಬ್ಬರನ್ನು ಬಿಟ್ಟರೆ ಹಿಂದೆ ನಿಂತ ಹತ್ತು ಜನಕ್ಕೆ ಉತ್ತರ ಹೇಳಲಾಗುವುದಿಲ್ಲ.

ಸಾಮಾನಿನ ತಪಾಸಣೆಯಲ್ಲಿ ಮಲೆನಾಡಿಗೆ ಅದರದೇ ಆದ ಮೂರು ಸಂಗತಿಗಳಿವೆ. ಕಳೆ ಹೊಡೆಯುವ ಯಂತ್ರಕ್ಕೆಂದು ಕ್ಯಾನಿನಲ್ಲಿ ಒಯ್ಯುವ ಪೆಟ್ರೋಲ್ ಮೊದಲನೆಯದು. ಜನ ಕೂರುವ ಜಾಗಕ್ಕೆ ಅದನ್ನು ಬಿಡಲೇಬಾರದು. ಎರಡನೆಯದು ಬೆಳೆ ರಕ್ಷಣೆಯ ಬಂದೂಕು. ಪರವಾನಗಿ ನೋಡಿ, ತೋಟಾ ತೆಗೆದು ಬೇರೆ ಇಡಲು ಹೇಳಿ, ವಿವರ ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರನೆಯದು ಹಂದಿಗೆ ಇಡುವ ಸಿಡಿಮದ್ದು. ಅನುಮಾನ ಬಂದ ಗಂಟನ್ನು ಮುಟ್ಟಬೇಡಿ, ಅಲುಗಿಸಬೇಡಿ, ನೀರಿಗೆ ಎಸೆಯಬೇಡಿ. ಜನರನ್ನು ದೂರ ಕಳಿಸಿ, ನೀವೂ ದೂರ ಹೋಗಿ 112ಕ್ಕೆ ಕರೆ ಮಾಡಿ.

ನಿಮ್ಮ ಅಧಿಕಾರದ ಎಲ್ಲೆ ಗೊತ್ತಿರಲಿ. ಖಾಸಗಿ ಭದ್ರತಾ ಸಿಬ್ಬಂದಿ ಬಲವಂತವಾಗಿ ಚೀಲ ಬಿಚ್ಚಿಸುವ ಹಾಗಿಲ್ಲ. ತೋರಿಸಿ ಎಂದು ಕೇಳಬಹುದು, ಒಪ್ಪದಿದ್ದರೆ ಹತ್ತಿಸದೆ ಪೊಲೀಸರಿಗೆ ತಿಳಿಸಬಹುದು. ಹೆಂಗಸರ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕರೂ ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ.

ನೀರಿನ ಮೇಲೆ ದೊಡ್ಡ ಅಪಾಯ ತರುವುದು ಫೋಟೊ ತೆಗೆಯುವ ಆತುರ. ಒಂದು ಬದಿಯಲ್ಲಿ ಏನೋ ಕಂಡಿತೆಂದು ಎಲ್ಲರೂ ಅತ್ತ ಓಡಿದರೆ ಲಾಂಚ್ ಅತ್ತಲೇ ವಾಲುತ್ತದೆ. ಹೊರಡುವ ಮುಂಚೆಯೇ ಇದನ್ನು ಗಟ್ಟಿಯಾಗಿ ಹೇಳಿ, ಎರಡೂ ಬದಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ನಿಲ್ಲಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಮೇಲೆದ್ದು ತಳಕ್ಕೆ ತಾಗುತ್ತವೆ. ಚಳಿಗಾಲದ ಬೆಳಗ್ಗೆ ಮಂಜು ಕವಿದು ಎದುರಿನ ದಡ ಕಾಣದಿದ್ದರೆ ಕಾಯಬೇಕು. ಹೊರಡುವ ತೀರ್ಮಾನ ಚಾಲಕನದು, ಅವಸರ ಮಾಡುವ ಜನರನ್ನು ತಡೆದು ಅವನ ಬೆನ್ನಿಗೆ ನಿಲ್ಲುವುದು ನಿಮ್ಮದು.

ಇನ್ನು ಅರ್ಹತೆ. ಏಜೆನ್ಸಿ ಮೂಲಕ ಕಾವಲಿಗೆ ಸೇರುವವರಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ವಯಸ್ಸು 18 ತುಂಬಿರಬೇಕು, 65 ಮೀರಿರಬಾರದು, ನಡತೆಯ ಪೊಲೀಸ್ ಪರಿಶೀಲನೆ ಆಗಿರಬೇಕು. ಕೇಂದ್ರದ ಮಾದರಿ ನಿಯಮದಂತೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ ಇದು ಕಡಿಮೆ. ಕಾಗದದಲ್ಲಿ ಬರೆಯದ ಅರ್ಹತೆ ಈಜು. ಬಟ್ಟೆ ತೊಟ್ಟೇ ಈಜಲು ಬರಬೇಕು, ಉಸಿರು ನಿಂತವರ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತಿರಬೇಕು.

ಸಮುದ್ರದ ಹಡಗಿನ ದಾರಿ ಬೇರೆ. ಹಡಗು ಮತ್ತು ಬಂದರುಗಳ ಭದ್ರತೆಗೆಂದು 2004ರ ಜುಲೈ 1ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಪಿಎಸ್ ಸಂಹಿತೆ, ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕ ಹಡಗುಗಳಲ್ಲಿ ಭದ್ರತಾ ಅಧಿಕಾರಿ ಇರಲೇಬೇಕೆನ್ನುತ್ತದೆ. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣದಿಂದ ಶ್ರೀಲಂಕಾದ ಕಂಕೇಸಂತುರೈಗೆ ಶುರುವಾದಂಥ ಸೇವೆಗಳು ಈ ಬಗೆಯವು. ಈ ಅಧಿಕಾರಿ ಹಡಗಿನ ಭದ್ರತಾ ಯೋಜನೆಯನ್ನು ಪಾಲಿಸಬೇಕು, 3 ಭದ್ರತಾ ಹಂತಗಳಿಗೆ ತಕ್ಕಂತೆ ಕಾವಲು ಬಿಗಿಗೊಳಿಸಬೇಕು, 3 ತಿಂಗಳಿಗೊಮ್ಮೆಯಾದರೂ ಅಣಕು ಕಾರ್ಯಾಚರಣೆ ನಡೆಸಬೇಕು. ಸಿಬ್ಬಂದಿಯಲ್ಲಿ ಶೇ. 25ಕ್ಕಿಂತ ಹೆಚ್ಚು ಹೊಸಬರು ಒಮ್ಮೆಗೇ ಬಂದರೆ ವಾರದೊಳಗೆ ಅದನ್ನು ಮತ್ತೆ ಮಾಡಬೇಕು. ಸದ್ದಿಲ್ಲದೆ ದಡಕ್ಕೆ ಸುದ್ದಿ ಮುಟ್ಟಿಸುವ ಎಚ್ಚರಿಕೆ ಗುಂಡಿ ಹಡಗಿನಲ್ಲಿ ಕನಿಷ್ಠ 2 ಕಡೆ ಇರುತ್ತದೆ, ಒಂದು ಚಾಲನಾ ಕೋಣೆಯಲ್ಲೇ. ಈ ಹುದ್ದೆಯ ಪ್ರಮಾಣಪತ್ರಕ್ಕೆ 12 ತಿಂಗಳ ಸಮುದ್ರ ಸೇವೆ, ಇಲ್ಲವೇ ತಕ್ಕಷ್ಟು ಸೇವೆಯ ಜೊತೆ ಹಡಗಿನ ಕೆಲಸದ ತಿಳಿವಳಿಕೆ ಇರಬೇಕು, ಅದರ ಮೇಲೆ ಮಾನ್ಯತೆ ಪಡೆದ ತರಬೇತಿ.

ಸಾಗರ, ಹೊಸನಗರದ ಕಡೆಯ ಹುಡುಗರು ಏಜೆಂಟರಿಗೆ ದುಡ್ಡು ಕಟ್ಟುವ ಮುಂಚೆ, ಆ ಸಂಸ್ಥೆಯ ಹೆಸರೂ ಕೋರ್ಸಿನ ಹೆಸರೂ ಕೇಂದ್ರ ಸರ್ಕಾರದ ನೌಕಾಯಾನ ಮಹಾ ನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಪಟ್ಟಿಯಲ್ಲಿ ಇವೆಯೇ ಎಂದು ತಾವೇ ತೆರೆದು ನೋಡಬೇಕು. ಸಂಸ್ಥೆಗೆ ಮಾನ್ಯತೆ ಇದ್ದು ಆ ಕೋರ್ಸಿಗೆ ಇಲ್ಲದಿದ್ದರೂ ಪ್ರಮಾಣಪತ್ರ ನಡೆಯುವುದಿಲ್ಲ.