ಒದ್ದೆ ಮರಳೇ ತೋರಿಸುವ ಬ್ಯಾಟಿಂಗ್ ತಪ್ಪು

ಸಾಫ್ಟ್‌ಬಾಲ್ ಆಡುವ ಮಕ್ಕಳ ಪಾಲಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಕೈಗಳ ಬಲದಿಂದಲೇ ಬ್ಯಾಟ್ ಬೀಸುತ್ತಿದ್ದಳು; ಚೆಂಡು ತಗುಲಿದರೂ ದೂರ ಹೋಗುತ್ತಿರಲಿಲ್ಲ. ಹೊಡೆತದ ಬಲವು ನೆಲದಿಂದ ಹುಟ್ಟಿ, ಕಾಲು ಮತ್ತು ಸೊಂಟವನ್ನು ಹಾದು, ಕೊನೆಗೆ ಕೈಗೆ ಬರಬೇಕೆಂದು ಎಷ್ಟು ವಿವರಿಸಿದರೂ ಅವಳಿಗೆ ಹಿಡಿತಕ್ಕೆ ಸಿಗಲಿಲ್ಲ.

ಆಗ ಕಾರವಾರದ ಕಡಲತೀರದಲ್ಲಿ, ಇಳಿತದ ಹೊತ್ತಿಗೆ ನೀರು ಸರಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆ ಅವಳನ್ನು ಬರಿಗಾಲಲ್ಲಿ ನಿಲ್ಲಿಸಿ, ಚೆಂಡಿಲ್ಲದೆ ನಿಧಾನವಾಗಿ ಬ್ಯಾಟ್ ಬೀಸಲು ಹೇಳಿದೆ. ಬಲಗೈ ಆಟಗಾರ್ತಿಯಾದರೆ ನೋಡಬೇಕಾದದ್ದು ಬಲಗಾಲಿನ ಗುರುತನ್ನು. ಸೊಂಟ ಸರಿಯಾಗಿ ತಿರುಗಿದ್ದರೆ ಬೆರಳುಗಳ ಬುಡದಲ್ಲಿ ಬಟ್ಟಲಿನಂಥ ಗುಳಿ ಬಿದ್ದು, ಹಿಮ್ಮಡಿಯ ಗುರುತು ಅಳಿಸಿಹೋಗಿರುತ್ತದೆ. ಕೈಯಿಂದಲೇ ಬೀಸಿದ್ದರೆ ಪಾದದ ಅಚ್ಚು ಇದ್ದಂತೆಯೇ ಉಳಿದಿರುತ್ತದೆ. ತನ್ನ ತಪ್ಪನ್ನು ತಾನೇ ಕಂಡ ಮೇಲೆ ನಾನು ಗದರುವ ಅಗತ್ಯವೇ ಬೀಳಲಿಲ್ಲ. ಮೇಲ್ಭಾಗದ ಸಡಿಲ ಮರಳಿನಲ್ಲಿ ಮಾತ್ರ ಈ ಅಭ್ಯಾಸ ಬೇಡ. ಪಾದ ಹೂತುಕೊಂಡು ಮಂಡಿಗೆ ಪೆಟ್ಟಾಗಬಹುದು.

ಹಿರಿಯ ಮಹಿಳೆಯರ ಪಂದ್ಯದಲ್ಲಿ ಪಿಚರ್ ಕೇವಲ 43 ಅಡಿ ದೂರದಿಂದ ಚೆಂಡೆಸೆಯುವುದರಿಂದ, ಕೈಗಳನ್ನು ಅಗಲವಾಗಿ ಸುತ್ತಿ ತರಲು ಸಮಯವಿರುವುದಿಲ್ಲ. ಆದ್ದರಿಂದ ಬ್ಯಾಟಿನ ಹಿಡಿ ಎದೆಯ ಸಮೀಪದಲ್ಲೇ ಸಾಗಿ ಬರುವುದನ್ನು ಈಗಲೇ ರೂಢಿಸುವುದು ಒಳ್ಳೆಯದು.

ಬ್ಯಾಟಿನ ತೂಕವನ್ನೂ ಪರೀಕ್ಷಿಸಿ. ಒಂದೇ ಕೈಯಲ್ಲಿ ನೇರವಾಗಿ ಚಾಚಿ ಹಿಡಿದಾಗ, ಹತ್ತು ಎಣಿಸುವುದರೊಳಗೆ ತುದಿ ಬಾಗಿದರೆ ಆ ಬ್ಯಾಟು ಮಗುವಿಗೆ ಭಾರವಾಗಿದೆ. ನಾನು ಮಗಳಿಗೂ ಅವಳ ಅಣ್ಣನ ಬ್ಯಾಟನ್ನೇ ಕೊಟ್ಟು ಒಂದು ವರ್ಷ ಹಾಳು ಮಾಡಿದೆ.