‘ಆಗಂಗಿಲ್ಲ’ ಅನ್ನೋ ಮಾತಿಗೆ ನಾನು ರೇಟು ಕಟ್ಟಿದ್ದು

ಹೋದ ದೀಪಾವಳಿಗೆ ನನ್ನ ರೊಟ್ಟಿ ಕೇಂದ್ರಕ್ಕೆ ಬೋರ್ಡು ಬಂತು. ಅದರ ಮೇಲೆ ಇರುವುದು ನನ್ನ ಹೆಸರು. ಮಾವನವರದ್ದು ಹಾಕು, ಇಲ್ಲ ಮಗನದ್ದು ಹಾಕು ಅಂತ ಎಷ್ಟೋ ಮಂದಿ ಹೇಳಿದರು, ಕೇಳಲಿಲ್ಲ. ಒಳಗಿನ ಹೆದರಿಕೆಯನ್ನು ಪುಸ್ತಕದಲ್ಲಿ ಬರೆದು ಅದಕ್ಕೆ ರೇಟು ಕಟ್ಟಿ ನೋಡುವ ನನ್ನ ಉಪಾಯವನ್ನು 2023ರಲ್ಲಿ ನಮ್ಮ ಸಂಘದ ಸಭೆಯಲ್ಲಿ ಹೇಳಿದಾಗ, ‘ಪುಸ್ತಕದಾಗ ಬರದ್ರ ಧೈರ್ಯ ಬರ್ತದೇನಕ್ಕಾ?’ ಅಂದವರೇ ಈಗ ಆ ಪುಸ್ತಕ ತೋರಿಸು ಅಂತ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎಸರು, ಹಿಟ್ಟಿನ ಜಿಗಿ, ಹಂಚಿನ ಕಾವು ಇವೆಲ್ಲ ನಿಮಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಾನು ಏಳನೇ ಇಯತ್ತೆ ಕಲಿತವಳು. 2019ರಲ್ಲಿ ಮನೆಯಲ್ಲೇ ರೊಟ್ಟಿ ಶುರು ಮಾಡಿದೆ. ಮರುವರ್ಷ ಲಾಕ್‌ಡೌನ್‌ನಲ್ಲಿ ಖಾನಾವಳಿಗಳೆಲ್ಲ ಬಾಗಿಲು ಹಾಕಿದಾಗ ಚೀಟಿ ದುಡ್ಡು ಹತ್ತಿರ ಹತ್ತಿರ ಹದಿನೆಂಟು ಸಾವಿರ ಕರಗಿತು. ಆಮೇಲೆ ಮತ್ತೆ ಎದ್ದೆ, ಆದರೆ ದಿನಕ್ಕೆ 300 ರೊಟ್ಟಿ ದಾಟಲಿಲ್ಲ. ದೊಡ್ಡದು ಮಾಡೋಣ ಅಂದಾಗಲೆಲ್ಲ ಒಳಗಿನಿಂದ ಅದೇ ಮಾತು: ನನಗ ಲೆಕ್ಕ ಬರಲ್ಲ, ನನಗ ದೊಡ್ಡವರ ಜೊತಿ ಮಾತಾಡ್ಲಾಕ ಬರಲ್ಲ, ರೇಟು ಏರಿಸಿದ್ರ ಗಿರಾಕಿ ಹೋಗ್ತಾರ. ಒಬ್ಬರು ಹೇಳಿದರು ಅಂತ 1,500 ರೂಪಾಯಿ ಕಟ್ಟಿ ಆತ್ಮವಿಶ್ವಾಸದ ಶಿಬಿರಕ್ಕೂ ಹೋಗಿ ಬಂದೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ‘ನನ್ನಿಂದ ಆಗುತ್ತದೆ’ ಅನ್ನಬೇಕು ಅಂದರು. ನಾಲ್ಕು ದಿನ ಅಂದೆ. ಐದನೇ ದಿನ ಹಾಸ್ಟೆಲ್ ಮೆಸ್ಸಿನವರು ‘ಆರು ರೂಪಾಯಿ ರೊಟ್ಟಿ ನಾಳೆಯಿಂದ ಐದೂವರೆ ರೂಪಾಯಿಗೇ ಕೊಡ್ರಿ’ ಅಂದಾಗ ಬಾಯಿಂದ ‘ಹೂಂ ರೀ’ ಅಂತಲೇ ಬಂತು.

ಆ ರಾತ್ರಿ ಸಿಟ್ಟಿಗೆ ಮಗಳ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ: ‘ರೇಟು ಏರಿಸಿದ್ರ ಗಿರಾಕಿ ಹೋಗ್ತಾರ.’ ಹೋದರೆ ಹೋಗುವುದೆಷ್ಟು? ಅದನ್ನು ತಿಳಿಯಲು ಮೊದಲು ಒಂದು ರೊಟ್ಟಿಗೆ ಬೀಳುವ ಖರ್ಚು ಬೇಕಿತ್ತು. ಎಂಟು ದಿನ ಎಲ್ಲ ಬರೆದಿಟ್ಟೆ. ಆ ವರ್ಷ ಮಳೆ ಕೈಕೊಟ್ಟು ಜೋಳ ಕಿಲೋಕ್ಕೆ 55ರ ಸುಮಾರು ಇತ್ತು, ಗಿರಣಿಗೆ 5. ಕಿಲೋಕ್ಕೆ ನನ್ನ ಕೈಯಲ್ಲಿ 14 ರೊಟ್ಟಿ. ಅಂದರೆ ಹಿಟ್ಟಿಗೇ ನಾಲ್ಕು ರೂಪಾಯಿ ಮೂವತ್ತು ಪೈಸೆ. ಗ್ಯಾಸಿಗೆ ಎಪ್ಪತ್ತು ಪೈಸೆ; ಆಟೊ, ಚೀಲಕ್ಕೆಲ್ಲ ಸೇರಿ ಇನ್ನೂ ಮೂವತ್ತು ಪೈಸೆ. ಮೆಸ್ಸಿನವರನ್ನು ಬಿಟ್ಟರೆ ಮಾರುತ್ತಿದ್ದುದು ಆರು ರೂಪಾಯಿಗೆ. ಉಳಿಯುತ್ತಿದ್ದುದು ಎಪ್ಪತ್ತು ಪೈಸೆ, ದಿನಕ್ಕೆ ಹೆಚ್ಚೆಂದರೆ 210 ರೂಪಾಯಿ. ಬೇರೆ ಹೆಣ್ಮಗಳಿಗೆ ಕೊಡುವ ಹಾಗೆ ನನಗೂ ರೊಟ್ಟಿಗೆ ಒಂದೂವರೆ ರೂಪಾಯಿ ಕೂಲಿ ಹಿಡಿದರೆ ಎಂಬತ್ತು ಪೈಸೆ ಲುಕ್ಸಾನು.

ಇನ್ನು ಗಿರಾಕಿ. ಒಂದು ಖಾನಾವಳಿ ದಿನಕ್ಕೆ 40 ರೊಟ್ಟಿ ಒಯ್ಯುತ್ತಿತ್ತು. ಅದು ಬಿಟ್ಟು ಹೋದರೆ ನನಗೆ ದಿನಕ್ಕೆ 28 ರೂಪಾಯಿ, ವಾರಕ್ಕೆ ಇನ್ನೂರು ಹೋಗುತ್ತದೆ. ಆ ಅಂಕಿ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಇಷ್ಟು ವರ್ಷ ನನ್ನನ್ನು ಕಟ್ಟಿಹಾಕಿದ್ದ ಹೆದರಿಕೆಯ ಬೆಲೆ ವಾರಕ್ಕೆ ಇನ್ನೂರು ರೂಪಾಯಿ. ಮರುದಿನವೇ ಆ ಖಾನಾವಳಿಗೆ ಎಂಟು ರೂಪಾಯಿ ಅಂದೆ. ಅವರು ಗೊಣಗಿದರು, ಒಯ್ದರು. ತಿಂಗಳೊಳಗೆ ಒಂಬತ್ತು ಕಡೆಯೂ ಎಂಟು ಮಾಡಿದೆ. ಇಬ್ಬರು ಬಿಟ್ಟರು. ಒಬ್ಬರು ಎರಡು ವಾರಕ್ಕೆ ವಾಪಸ್ ಬಂದರು, ಇನ್ನೊಬ್ಬರು ಇವತ್ತಿಗೂ ಬಂದಿಲ್ಲ.

ಅಲ್ಲಿಂದ ಇದೇ ಪದ್ಧತಿ. ಒಳಗೆ ‘ಆಗಂಗಿಲ್ಲ’ ಎದ್ದರೆ ಅದು ಎದ್ದ ಮಾತಿನಲ್ಲೇ, ತಿದ್ದದೆ, ಬರೆಯುತ್ತೇನೆ. ಪಕ್ಕದಲ್ಲಿ ರೇಟು: ಈ ಮಾತು ಖರೆ ಅಂತ ಗೊತ್ತಾಗಲು ನಾನು ಎಷ್ಟು ಕಳೆದುಕೊಳ್ಳಬೇಕು? ಐದು ನೂರರೊಳಗಿದ್ದರೆ ಅದೇ ವಾರ ಖರ್ಚು ಮಾಡಿ ನೋಡುತ್ತೇನೆ. ಹೆಚ್ಚಿದ್ದರೆ ಸಣ್ಣ ತುಂಡು ಮಾಡುತ್ತೇನೆ. ಮುಗಿಯುವ ತನಕ, ಕೈಹಚ್ಚುವವರಿಗೆ ಬಿಟ್ಟರೆ, ಹೆಚ್ಚು ಮಂದಿಗೆ ಹೇಳುವುದಿಲ್ಲ.

ಎಲ್ಲವೂ ಸಲೀಸಾಗಿ ಹೋಗಲಿಲ್ಲ. ‘ಗಂಜ್‌ಗೆ ಹೆಣ್ಮಕ್ಕಳು ಜೋಳ ತರಲಾಕ ಹೋಗಲ್ಲ’ ಅನ್ನುವುದಕ್ಕೆ ಆಟೊ ಬಾಡಿಗೆ 120 ಅಂತ ಬರೆದು ಹೊರಟೆ. ಗಂಜ್ ಅಂದರೆ ಕಾಳಿನ ಸಗಟು ಪೇಟೆ. ಆದರೆ ಹೋದ ಹುಮ್ಮಸ್ಸಿಗೆ 50 ಕಿಲೋ ಚೀಲ ಎತ್ತಿಸಿಕೊಂಡು ಬಂದೆ. ಮೇಲೆ ಮುತ್ತಿನಂಥ ಕಾಳು, ಕೆಳಗೆ ಮಳೆಗೆ ಸಿಕ್ಕ ಕಪ್ಪು ಮೂತಿ ಜೋಳ. ಹಿಟ್ಟಿಗೆ ಜಿಗಿಯೇ ಇಲ್ಲ, ತಟ್ಟುವಾಗಲೇ ಅಂಚು ಸೀಳುತ್ತಿತ್ತು. ಎರಡೂವರೆ ಸಾವಿರ ನೀರಿಗೆ ಹೋಯಿತು. ‘ನಾ ಹೇಳಿದ್ದಿಲ್ಲೇನು?’ ಅಂದರು ನಮ್ಮ ಭಾವನವರು. ರಾತ್ರಿ ಪುಸ್ತಕ ತೆಗೆದು ನೋಡಿದೆ. ನಾನು ಬರೆದದ್ದು ಹೆಣ್ಮಕ್ಕಳು ಹೋಗಲ್ಲ ಅಂತ. ಹೋಗಿದ್ದೆ, ಯಾರೂ ತಡೆದಿರಲಿಲ್ಲ. ನನಗೆ ಬಾರದೆ ಇದ್ದದ್ದು ಚೀಲದ ತಳ ನೋಡುವುದು. ಅದನ್ನು ಬೇರೆ ಸಾಲಾಗಿ ಬರೆದು, ಎರಡು ಕಿಲೋದ ದುಡ್ಡು ರೇಟು ಹಾಕಿದೆ.

ಎರಡನೇ ಸಲ ಹೋದಾಗ ಗುಮಾಸ್ತ, ‘ಯಜಮಾನ್ರು ಬಂದಿಲ್ಲೇನ್ರಿ ಅಕ್ಕೋರೆ?’ ಅಂದ. ಉತ್ತರ ಕೊಡದೆ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ, ತಳದ ಹಿಡಿ ಜೋಳ ಹೊರಗೆ ತೆಗೆದು, ನಾಲ್ಕು ಕಾಳು ಹಲ್ಲಿನಲ್ಲಿ ಕಡಿದೆ. ‘ಇದು ಮಾಲದಂಡಿ ಜೋಳ ಅಲ್ರಿ, ಕಲಬೆರಕಿ ಅದ’ ಅಂದೆ. ಅವನು ನನ್ನ ಮುಖ ನೋಡಿ, ಒಳಗಿನ ಕೋಣೆಯ ಚೀಲ ಬಿಚ್ಚಿಸಿದ. ಈಗ ನಮ್ಮ ಓಣಿಯ ನಾಲ್ಕು ಮನೆಯವರು ಜೋಳ ತರುವ ಮೊದಲು ನನಗೆ ತೋರಿಸುತ್ತಾರೆ. ಕಿರಾಣಿಗಿಂತ ಕಿಲೋಕ್ಕೆ ನಾಲ್ಕೈದು ರೂಪಾಯಿ ಉಳಿಯುತ್ತದೆ.

ಲೈಸೆನ್ಸ್ ಅಂದರೆ ಕಲಿತವರ ಕೆಲಸ ಅಂತ ಬರೆದದ್ದೂ ಇದೆ. ಒಬ್ಬ ಏಜೆಂಟ್ ಮೂರು ಸಾವಿರ ಕೇಳಿದ್ದ. ತಂಗಿಯ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಾನೇ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ನೋಂದಣಿ ತುಂಬಿದೆ. ಆಗ ಸಣ್ಣ ಧಂದೆಗೆ ವರ್ಷಕ್ಕೆ 100 ರೂಪಾಯಿ ಇತ್ತು.

ದೊಡ್ಡ ಪೆಟ್ಟು ಬಿದ್ದದ್ದು ಬೆಂಗಳೂರಿನ ಆರ್ಡರಿನಲ್ಲಿ. ಅಲ್ಲಿಯವರ ಜೊತೆ ಫೋನಿನಲ್ಲಿ ಮಾತಾಡುವ ಹೆದರಿಕೆ ಹೋಗಿತ್ತು. ಮೊದಲ ನಿಮಿಷದಲ್ಲಿ ನಾನು ಏನು ಕೇಳುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. 500 ಕಡಕ್ ರೊಟ್ಟಿ, ಒಂದಕ್ಕೆ 11 ರೂಪಾಯಿ. ಕಳಿಸಿದ್ದು ಮುಟ್ಟುವಷ್ಟರಲ್ಲಿ ನಾನೂರು ಚೂರಾಗಿತ್ತು. ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ಆಮೇಲೆ ಮೂರು ತಿಂಗಳು ಹತ್ತು ಹತ್ತು ರೊಟ್ಟಿಯ ಕಟ್ಟು ಮಾಡಿ, ಬೆಂಗಳೂರಿನಲ್ಲಿರುವ ತಮ್ಮನಿಗೆ ಬೇರೆ ಬೇರೆ ರೀತಿ ಕಟ್ಟಿ ಕಳಿಸಿದೆ. ಅವನು ಫೋಟೊ ಹಾಕುತ್ತಿದ್ದ, ನಾನು ಮುರಿದದ್ದು ಎಣಿಸುತ್ತಿದ್ದೆ. ಈಗ ನೂರಕ್ಕೆ ಮೂರೋ ನಾಲ್ಕೋ ಮುರಿಯುತ್ತವೆ. ಹೇಗೆ ಕಟ್ಟುತ್ತೇನೆ ಅಂತ ಕೇಳಬೇಡಿ, ಅದಕ್ಕೆ ಸುರಿದ ದುಡ್ಡು ನನ್ನದು.

ವಾಪಸ್ ಬಂದ ಚೂರನ್ನೂ ಬಿಡಲಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಬೆಳ್ಳುಳ್ಳಿ ಒಗ್ಗರಣೆ ಕಲಸಿ 20 ರೂಪಾಯಿ ಪಾಕೀಟು ಮಾಡಿದೆ. ಕಾಲೇಜು ಹುಡುಗರು ಮುಗಿಬಿದ್ದು ಒಯ್ದರು. ಆದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಎಂಟೇ ದಿನದಲ್ಲಿ ಎಣ್ಣೆ ವಾಸನೆ ಹೊಡೆಯಿತು, ನಿಲ್ಲಿಸಿದೆ. ಎಣ್ಣೆ ಇಲ್ಲದೆ ಕಲಸುವುದು ಇನ್ನೂ ನಡೆದಿದೆ.

ಈಗ ಆರು ಹೆಣ್ಮಕ್ಕಳು ನನ್ನಲ್ಲಿ ಕೆಲಸಕ್ಕಿದ್ದಾರೆ, ದಿನಕ್ಕೆ ಸಾವಿರದ ಇನ್ನೂರು ರೊಟ್ಟಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇರೆ. ಅವರಲ್ಲಿ ಇಬ್ಬರು ತಮ್ಮದೇ ಪುಸ್ತಕ ಇಟ್ಟಿದ್ದಾರೆ, ನಾನು ತೆರೆದು ನೋಡುವುದಿಲ್ಲ. ನನ್ನದರಲ್ಲಿ 41 ಸಾಲು ಆಗಿವೆ. ಅದರಲ್ಲಿ ಖರೆಯಾದದ್ದು ಏಳೋ ಎಂಟೋ. ಹೋದ ವಾರ ಬರೆದದ್ದು: ‘ಈ ವಯಸ್ಸಿಗೆ ಸ್ಕೂಟಿ ಕಲಿಲಾಕ ಆಗಂಗಿಲ್ಲ.’ ರೇಟು, ಒಂದು ಲೀಟರ್ ಪೆಟ್ರೋಲು ಮತ್ತು ಮೊಣಕಾಲಿಗೆ ಹಚ್ಚುವ ಮುಲಾಮು. ಬೆಳಿಗ್ಗೆ ಐದೂವರೆಗೆ, ಹಂಚು ಇಡುವ ಮೊದಲು, ಹಿಂದಿನ ಖಾಲಿ ಸೈಟಿನಲ್ಲಿ ಮಗಳು ಹಿಂದೆ ಹಿಡಿದುಕೊಂಡು ಓಡುತ್ತಾಳೆ.