ಆನಿಮೇಷನ್ ಮೂಲಚಿತ್ರಗಳ ಸಂಗ್ರಹ: ಪೆನ್ಸಿಲ್ ಹಾಳೆಯಿಂದ ಶುರು ಮಾಡಿ

ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಒಂದೊಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕಾಗುತ್ತಿತ್ತು. ಹಾಗೆ ತಯಾರಾದ ಹಾಳೆಗಳಲ್ಲಿ ಎಷ್ಟೋ ಕಸಕ್ಕೆ ಹೋದವು. ಬಣ್ಣ ತೊಳೆದು ಮತ್ತೆ ಬಳಸಿದ ಸೆಲ್‌ಗಳೂ (ಬಣ್ಣ ತುಂಬಿದ ಪಾರದರ್ಶಕ ಹಾಳೆಗಳು) ಇದ್ದವು. ಉಳಿದವು ಈಗ ಹರಾಜಿನಲ್ಲಿ, ಗ್ಯಾಲರಿಗಳಲ್ಲಿ ಮಾರಾಟಕ್ಕಿವೆ. ಹೊಸದಾಗಿ ಸಂಗ್ರಹ ಶುರು ಮಾಡುವವರು ಮೊದಲು ಸೆಲ್ ಕೊಳ್ಳದೆ ಪೆನ್ಸಿಲ್ ಚಿತ್ರ ಕೊಳ್ಳುವುದು ಒಳ್ಳೆಯದು. ಬೆಲೆ ಕಡಿಮೆ, ನಮ್ಮ ಹವೆಯಲ್ಲಿ ಬಾಳಿಕೆ ಹೆಚ್ಚು, ಮೋಸ ಹಿಡಿಯುವುದೂ ಸುಲಭ.

ಯಾವುದು ಏನು

ಆನಿಮೇಟರ್ ಕಾಗದದ ಮೇಲೆ ಒರಟಾಗಿ ಬರೆದದ್ದು ರಫ್. ಅದರ ಗೆರೆ ತಿದ್ದಿ ಬರೆದದ್ದು ಕ್ಲೀನಪ್. ಆ ಗೆರೆಯನ್ನು ಪಾರದರ್ಶಕ ಹಾಳೆಯ ಮುಂಬದಿಗೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿದ್ದು ಸೆಲ್. ಸೆಲ್‌ನ ಕೆಳಗಿಡಲು ಬಣ್ಣದಲ್ಲಿ ಬರೆದ ದೃಶ್ಯ ಬ್ಯಾಕ್‌ಗ್ರೌಂಡ್. ಸಿನಿಮಾದಲ್ಲಿ ಕಂಡ ಸೆಲ್ ಮತ್ತು ಅದೇ ದೃಶ್ಯದ ಬ್ಯಾಕ್‌ಗ್ರೌಂಡ್ ಎರಡೂ ಜೊತೆಯಾಗಿ ಸಿಕ್ಕರೆ ಬೆಲೆ ಲಕ್ಷಗಳಿಗೆ ಏರುತ್ತದೆ. ಟಿವಿ ಸರಣಿಗಳ ರಫ್ ಹಾಳೆಗಳು ಕೆಲವು ಸಾವಿರ ರೂಪಾಯಿಗೇ ಸಿಗುತ್ತವೆ.

ಇವುಗಳ ಪಕ್ಕದಲ್ಲೇ ಮಾರಾಟವಾಗುವ ಸೆರಿಸೆಲ್ ಎಂಬುದು ಸ್ಕ್ರೀನ್ ಪ್ರಿಂಟ್. ‘ಲಿಮಿಟೆಡ್ ಎಡಿಷನ್’ ಎಂದು ಪ್ರಮಾಣಪತ್ರ ಇದ್ದರೂ ಅದು ಸಿನಿಮಾ ತೆಗೆಯುವಾಗ ಕ್ಯಾಮೆರಾ ಮುಂದೆ ಬಂದದ್ದಲ್ಲ. ಗೋಡೆಗೆ ಚೆಂದ ಎಂದು ಕೊಳ್ಳಬಹುದು, ಮೂಲಚಿತ್ರದ ಬೆಲೆ ಕೊಡಬಾರದು.

ಮೊದಲು ಕ್ಷೇತ್ರ ಗೊತ್ತು ಮಾಡಿಕೊಳ್ಳಿ

ಒಂದು ಸ್ಟುಡಿಯೊ, ಒಂದು ಸರಣಿ, ಒಬ್ಬ ಆನಿಮೇಟರ್, ಇಲ್ಲವೇ ಒಂದೇ ದೃಶ್ಯದ ಸಾಲು ಹಾಳೆಗಳು: ಯಾವುದಾದರೂ ಒಂದನ್ನು ಹಿಡಿಯಿರಿ. ಕೊನೆಯದು ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಸುತ್ತದೆ. ಒಂದೇ ನಡಿಗೆಯ ಐದಾರು ಹಾಳೆ ಒಟ್ಟಿಗೆ ಸಿಕ್ಕರೆ ಚಲನೆ ಹೇಗೆ ಕಟ್ಟಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ನಮ್ಮ ದೇಶದ, ಕೈಯಲ್ಲಿ ಬರೆದ ಆನಿಮೇಷನ್‌ ಕೂಡ ಒಳ್ಳೆಯ ಕ್ಷೇತ್ರ. ಮುಂಬೈನ ಫಿಲ್ಮ್ಸ್ ಡಿವಿಷನ್ 1956ರಲ್ಲಿ ಕಾರ್ಟೂನ್ ಘಟಕ ತೆರೆದು, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅವರಿಂದ ತರಬೇತಿ ಕೊಡಿಸಿತ್ತು. ಆನಿಮೇಟರ್ ರಾಮ್ ಮೋಹನ್ ಬೆಳೆದದ್ದು ಅಲ್ಲೇ.

ಡಿಸ್ನಿ ಆರಿಸಿಕೊಳ್ಳುವವರು ಮೂರು ಇಸವಿ ನೆನಪಿಟ್ಟುಕೊಳ್ಳಬೇಕು. 1961ರ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್’ ಇಡಿಯಾಗಿ ಜೆರಾಕ್ಸ್ ವಿಧಾನದಲ್ಲಿ ಗೆರೆ ಇಳಿಸಿದ ಮೊದಲ ಪೂರ್ಣಪ್ರಮಾಣದ ಸಿನಿಮಾ. ಅದಕ್ಕೂ ಹಿಂದಿನ ಸಿನಿಮಾಗಳ ಗೆರೆ ಬಹುಪಾಲು ಕೈಯಿಂದ ಶಾಯಿಯಲ್ಲಿ ಎಳೆದದ್ದು. 1989ರ ‘ದಿ ಲಿಟಲ್ ಮರ್ಮೇಡ್’ ಕೈಯಲ್ಲಿ ಬಣ್ಣ ತುಂಬಿದ ಸೆಲ್‌ಗಳ ಕೊನೆಯ ದೊಡ್ಡ ಸಿನಿಮಾ. 1990ರ ‘ದಿ ರೆಸ್ಕ್ಯೂವರ್ಸ್ ಡೌನ್ ಅಂಡರ್’ನಿಂದ ಬಣ್ಣ ಕಂಪ್ಯೂಟರಿಗೆ ಹೋಯಿತು. ಆದ್ದರಿಂದ 1994ರ ‘ದಿ ಲಯನ್ ಕಿಂಗ್’ನ ‘ಸಿನಿಮಾದಲ್ಲಿ ಬಳಸಿದ ಸೆಲ್’ ಎಂದು ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ಮುಗಿಯಬೇಕು. ಆ ಸಿನಿಮಾದ ಪೆನ್ಸಿಲ್ ಚಿತ್ರಗಳಾದರೆ ನಿಜವಾದವು ಇವೆ.

ಪೆನ್ಸಿಲ್ ಹಾಳೆ ಓದುವುದು

ಹಾಳೆಯ ಅಂಚಿನಲ್ಲಿ ಪೆಗ್ ತೂತುಗಳಿರಬೇಕು. ಸಾಮಾನ್ಯವಾಗಿ ನಡುವೆ ಒಂದು ದುಂಡು ತೂತು, ಎಡಬಲಕ್ಕೆ ಎರಡು ಉದ್ದ ತೂತು. ಎಲ್ಲ ಹಾಳೆಗಳೂ ಒಂದೇ ಜಾಗದಲ್ಲಿ ಕೂರಲೆಂದು ಮಾಡಿದ ಏರ್ಪಾಡು ಇದು. ಮೂಲೆಯಲ್ಲಿ ಸಂಖ್ಯೆ ಇರುತ್ತದೆ. ವೃತ್ತ ಹಾಕಿದ್ದರೆ ಸಾಮಾನ್ಯವಾಗಿ ಕೀ ಡ್ರಾಯಿಂಗ್, ಎಂದರೆ ಚಲನೆಯ ಮುಖ್ಯ ಭಂಗಿ. ಅಂಚಿನಲ್ಲಿ ಪುಟ್ಟ ಏಣಿಯಂತೆ ಗೀಟುಗಳಿದ್ದರೆ ಅದು ಟೈಮಿಂಗ್ ಚಾರ್ಟ್: ಎರಡು ಭಂಗಿಗಳ ನಡುವೆ ಎಷ್ಟು ಚಿತ್ರ, ಯಾವುದು ಯಾವುದಕ್ಕೆ ಹತ್ತಿರ ಎಂದು ಸಹಾಯಕರಿಗೆ ಕೊಟ್ಟ ಸೂಚನೆ. ಚಾರ್ಟ್ ಇರುವ ಹಾಳೆ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಕಲು ಪತ್ತೆಗೆ ಹಾಳೆಯನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿಯಿರಿ. ಪೆನ್ಸಿಲ್ ಗೆರೆ ಬೂದು ಹೊಳಪು ಕೊಡುತ್ತದೆ, ಒತ್ತಿ ಬರೆದ ಕಡೆ ಕಾಗದ ತಗ್ಗಿರುತ್ತದೆ, ಅಡಿಯಲ್ಲಿ ಕೆಂಪು ಅಥವಾ ನೀಲಿ ಪೆನ್ಸಿಲ್ಲಿನ ಮೊದಲ ಗೆರೆ ಕಾಣಬಹುದು. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ ಕಂಡರೆ ಅದು ಪ್ರಿಂಟ್.

ಸೆಲ್ ಕೊಳ್ಳುವಾಗ

ಹಿಂಬದಿಯ ಫೋಟೊ ಕೇಳಿ, ಕೊಡದಿದ್ದರೆ ಬಿಡಿ. ಕೈಯಲ್ಲಿ ತುಂಬಿದ ಬಣ್ಣ ಹಿಂದೆ ದಪ್ಪ ತೆಳು ಇರುತ್ತದೆ, ಒಂದು ಬಣ್ಣದ ಅಂಚಿನ ಮೇಲೆ ಇನ್ನೊಂದು ಹತ್ತಿರುತ್ತದೆ. ಎಲ್ಲ ಕಡೆ ಒಂದೇ ಸಮ, ಅಂಚು ಕತ್ತರಿಸಿದಂತೆ ಇದ್ದರೆ ಸ್ಕ್ರೀನ್ ಪ್ರಿಂಟ್ ಎಂದು ಸಂಶಯಪಡಿ. ಗೆರೆಯನ್ನೂ ಭೂತಗನ್ನಡಿಯಲ್ಲಿ ನೋಡಿ: ಜೆರಾಕ್ಸ್ ಗೆರೆ ಪುಡಿಪುಡಿಯಾಗಿ ಕಾಣುತ್ತದೆ. 1950ರ ಡಿಸ್ನಿ ಸಿನಿಮಾದ್ದೆಂಬ ಸೆಲ್‌ನಲ್ಲಿ ಅಂಥ ಗೆರೆ ಇದ್ದರೆ ಹೇಳಿದ ಕಾಲ ಸುಳ್ಳು.

ಆಮೇಲೆ ಆ ದೃಶ್ಯವನ್ನು ಹಾಕಿ ಒಂದೊಂದೇ ಫ್ರೇಮ್ ಸರಿಸಿ ಹೋಲಿಸಿ. ಕೈಬೆರಳು, ಬಟ್ಟೆಯ ಮಡಿಕೆ, ಕಣ್ಣಿನ ಬೊಂಬೆ ಹೊಂದಬೇಕು. ಜಪಾನಿ ಸೆಲ್‌ಗಳಲ್ಲಿ ಎ-3, ಬಿ-12 ಎಂಬಂಥ ಗುರುತಿರುತ್ತದೆ. ಅಕ್ಷರ ಯಾವ ಪದರ ಎಂದು ಹೇಳುತ್ತದೆ, ಅಂಕೆ ಕ್ರಮ ಹೇಳುತ್ತದೆ. ಒಂದು ಪದರ ಮಾತ್ರ ಬಂದರೆ ಪಾತ್ರಕ್ಕೆ ಬಾಯಿ ಅಥವಾ ತೋಳು ಇಲ್ಲದಿರಬಹುದು, ಮೊದಲೇ ಕೇಳಿ. ಪಾತ್ರದ ಮುಖ ಪೂರ್ತಿ ಕಂಡು, ಕಣ್ಣು ತೆರೆದಿದ್ದು, ಅಂಚಿನಲ್ಲಿ ಕತ್ತರಿಸಿ ಹೋಗಿಲ್ಲದಿದ್ದರೆ ಬೆಲೆ ಹೆಚ್ಚು.

ಸ್ಯಾನ್ ಫ್ರಾನ್ಸಿಸ್ಕೊದ ಕೂರ್ವಾಸಿಯೇ ಗ್ಯಾಲರಿ 1938ರಿಂದ ಮಾರಿದ ಡಿಸ್ನಿ ಸೆಲ್‌ಗಳನ್ನು ಎಷ್ಟೋ ಸಲ ಪಾತ್ರದ ಸುತ್ತ ಕತ್ತರಿಸಿ, ಬೇರೆ ಹಿನ್ನೆಲೆಗೆ ಅಂಟಿಸಿದ್ದರು. ಅಲ್ಲಿ ಕತ್ತರಿಸಿದ್ದು ದೋಷವಲ್ಲ, ಹುಟ್ಟಿನ ಗುರುತು. ಆದರೆ ಆ ಕಾಲದ ಹಾಳೆ ಸೆಲ್ಯುಲೋಸ್ ನೈಟ್ರೇಟ್, ಬೇಗ ಹೊತ್ತಿಕೊಳ್ಳುವ ವಸ್ತು. ಮನೆಯಲ್ಲಿ ಇಡಲು ನಾವು ಶಿಫಾರಸು ಮಾಡುವುದಿಲ್ಲ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಪಾಲು ಬೀಳುತ್ತದೆ, ಹಲವೆಡೆ ಬೆಲೆಯ ಐದನೇ ಒಂದರಿಂದ ಕಾಲು ಭಾಗ. ಸಾಗಣೆ, ವಿಮೆ, ಇಲ್ಲಿನ ಕಸ್ಟಮ್ಸ್ ಸುಂಕ ಬೇರೆ. ಕೂಗುವ ಮೊದಲೇ ಇವನ್ನೆಲ್ಲ ಕೂಡಿಸಿ ನಿಮ್ಮ ಮೇಲ್ಮಿತಿ ಬರೆದಿಟ್ಟುಕೊಳ್ಳಿ.

ಕೆಡುವುದು ಹೇಗೆ, ಕಾಪಾಡುವುದು ಹೇಗೆ

ನೈಟ್ರೇಟ್ ಕಾಲದ ನಂತರದ ಸೆಲ್‌ಗಳು ಸೆಲ್ಯುಲೋಸ್ ಅಸಿಟೇಟ್. ಬಿಸಿ ಮತ್ತು ತೇವಕ್ಕೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಒಡೆಯುವಿಕೆಯನ್ನು ಇನ್ನಷ್ಟು ಬೇಗ ನಡೆಸುತ್ತದೆ. ಹಾಳೆ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ, ವಿನೆಗರ್ ವಾಸನೆ ಬರುತ್ತದೆ. ವಾಸನೆ ಬಂದ ಸೆಲ್ ಅನ್ನು ಅಂದೇ ಉಳಿದವುಗಳಿಂದ ಬೇರ್ಪಡಿಸಿ. ಮೂಗಿಗೆ ತಿಳಿಯುವ ಮೊದಲೇ ತಿಳಿಯಲು ಎ-ಡಿ ಪಟ್ಟಿಗಳು ಸಿಗುತ್ತವೆ. ನೀಲಿ ಪಟ್ಟಿ ಆಮ್ಲ ತಾಗಿದಂತೆ ಹಸಿರು, ಆಮೇಲೆ ಹಳದಿ ಆಗುತ್ತದೆ. ಗಾಳಿಯಾಡದ ಕವರಿನಲ್ಲಿ ಮುಚ್ಚಿಟ್ಟರೆ ಆಮ್ಲ ಒಳಗೇ ಉಳಿದು ಕೆಡುವುದು ಬೇಗ. ಕವರಿನ ಒಂದು ಬದಿ ತೆರೆದೇ ಇರಲಿ.

ತೇವಾಂಶ ಶೇ 40ರಿಂದ 50ರ ನಡುವೆ, ಶಾಖ 20 ಡಿಗ್ರಿಯ ಆಸುಪಾಸು ಇದ್ದರೆ ಉತ್ತಮ. ಮಂಗಳೂರಿನ ಮಳೆಗಾಲದಲ್ಲಿ ತೇವ ಏರಿ ಬಣ್ಣ ಅಂಟಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬಣ್ಣ ಒಣಗಿ ಬಿರುಕು ಬಿಟ್ಟು ಚಕ್ಕೆಯೇಳುತ್ತದೆ. ಅದಕ್ಕೇ ಸಿಲಿಕಾ ಜೆಲ್ ಸುರಿದು ಅತಿಯಾಗಿ ಒಣಗಿಸುವುದೂ ತಪ್ಪು. ಪೆಟ್ಟಿಗೆಯ ಪಕ್ಕ ಒಂದು ಡಿಜಿಟಲ್ ತೇವಮಾಪಕ ಇಟ್ಟು ನೋಡುತ್ತಿರಿ.

ಸೆಲ್‌ಗಳನ್ನು ಮಲಗಿಸಿ ಇಡಿ, ಒಂದರ ಮೇಲೊಂದು ಹೇರಬೇಡಿ. ಹಿಂದೆ ಕಾಗದದ ಚಿತ್ರ ಅಂಟಿಕೊಂಡಿದ್ದರೆ ಎಳೆಯಬೇಡಿ; ಬಣ್ಣ ಕಾಗದದ ಜೊತೆಗೇ ಕಿತ್ತು ಬರುತ್ತದೆ. ಅದು ಸಂರಕ್ಷಣಾ ತಜ್ಞರ ಕೆಲಸ.

ಚೌಕಟ್ಟು ಹಾಕಿಸುವಾಗ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ: ಆಮ್ಲರಹಿತ ಮ್ಯಾಟ್ ಬೋರ್ಡ್, ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್, ಚಿತ್ರಕ್ಕೂ ಅಕ್ರಿಲಿಕ್‌ಗೂ ಕನಿಷ್ಠ 3 ಮಿಲಿಮೀಟರ್ ಅಂತರ, ಸೆಲೊ ಟೇಪ್ ಬೇಡ, ಬಿಸಿ ಒತ್ತಿ ಅಂಟಿಸುವುದು ಬೇಡವೇ ಬೇಡ. ಮಳೆಗೆ ನೆನೆಯುವ ಹೊರಗೋಡೆಗೆ ನೇತುಹಾಕಬೇಡಿ. ಮೂರು ತಿಂಗಳು ನೇತುಹಾಕಿದ್ದನ್ನು ಇಳಿಸಿ ಬೇರೆಯದನ್ನು ಹಾಕಿ.

ದಾಖಲೆ

ಪ್ರತಿ ವಸ್ತುವಿಗೂ ಮುಂದೆ, ಹಿಂದೆ, ಓರೆ ಬೆಳಕಿನಲ್ಲಿ ಮೂರು ಫೋಟೊ ತೆಗೆಯಿರಿ. ಯಾವ ಸಿನಿಮಾ, ಎಷ್ಟನೇ ನಿಮಿಷದ ಎಷ್ಟನೇ ಸೆಕೆಂಡಿನ ದೃಶ್ಯ, ಹಾಳೆಯ ಸಂಖ್ಯೆ, ಯಾರಿಂದ, ಯಾವಾಗ, ಎಷ್ಟಕ್ಕೆ ಎಂದು ಬರೆದು ರಸೀದಿ ಜೊತೆಗಿಡಿ. ಯಾರಾದರೂ ಬಣ್ಣ ತಿದ್ದಿದ್ದರೆ ಎಲ್ಲಿ ಎಂಬುದನ್ನೂ ಬರೆಯಿರಿ, ಮಾರುವಾಗ ಅದನ್ನು ಹೇಳಬೇಕಾಗುತ್ತದೆ. ನಿಮ್ಮ ಸಂಗ್ರಹದ ಸಂಖ್ಯೆಯನ್ನು ಕವರಿನ ಮೇಲೆ ಹಾಕಿ. ಮೂಲ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲೂ ಏನೂ ಬರೆಯಬೇಡಿ. ಮುಂದೆ ನೋಡುವವರಿಗೆ ಅದು ಸ್ಟುಡಿಯೊದವರ ಗುರುತೋ ನಿಮ್ಮದೋ ತಿಳಿಯುವುದಿಲ್ಲ.